ಪಕ್ಕದ ಸೀಟಿನಿಂದ

ಫೆಬ್ರವರಿ 3, ಸೋಮವಾರ

ತಲೆ ಸುತ್ತು ಬಂದ ದಿನವೆಲ್ಲ ಬರೆದಿಡಿ ಎಂದು ನರದ ಡಾಕ್ಟರು ಹೇಳಿದ್ದಕ್ಕೆ ಈ ಪುಸ್ತಕ ತಂದೆ. ಸುತ್ತು ಬರುತ್ತಿಲ್ಲ, ಸಿಟ್ಟು ಬರುತ್ತಿದೆ. ಅದನ್ನೇ ಬರೆಯುತ್ತೇನೆ, ಹಾಳೆ ದಂಡವಾಗುವುದು ಬೇಡ.

ನನಗೆ ಫಿಟ್ಸ್ ಬಂದದ್ದು ಒಂದೇ ಸಲ. ಅದೂ ಲಾಂಡ್ರಿಯ ಅಂಗಳದಲ್ಲಿ, ವ್ಯಾನಿನಿಂದ ಇಳಿದು ಚಹಾ ಕುಡಿಯುವಾಗ. ಅಷ್ಟಕ್ಕೆ ಒಂದು ವರ್ಷ ಸ್ಟಿಯರಿಂಗ್ ಮುಟ್ಟಬಾರದಂತೆ. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲುಗಳ ಟವೆಲು ಹೇರಿಕೊಂಡು ಇಪ್ಪತ್ತು ವರ್ಷದ ಮೇಲೆ ಈ ಊರನ್ನು ಸುತ್ತಿದ್ದೇನೆ, ಒಂದು ಬೆಕ್ಕಿನ ಬಾಲ ತುಳಿದವಳಲ್ಲ. ಕುಡಿದು ಓಡಿಸುವವರು, ಫೋನು ಕಿವಿಗಿಟ್ಟುಕೊಂಡು ಓಡಿಸುವವರು ಎಲ್ಲ ರಾಜರ ಹಾಗೆ ಓಡಾಡಿಕೊಂಡಿದ್ದಾರೆ. ಕಟ್ಟಿಹಾಕುವುದಕ್ಕೆ ಸಿಕ್ಕಿದವಳು ನಾನು.

ಇವತ್ತು ಮಗಳ ಲೈಸೆನ್ಸ್ ಬಂತು. ಫೋಟೋದಲ್ಲಿ ಕದ್ದು ಸಿಕ್ಕಿಬಿದ್ದವಳ ಮುಖ. ಹತ್ತೊಂಬತ್ತು ತುಂಬಿದರೂ ಅವಳಿಗೆ ಹೊಲಿಗೆ ಯಂತ್ರದ ಮೇಲಿರುವ ಪ್ರೀತಿ ಗಾಡಿಯ ಮೇಲಿಲ್ಲ. ನಾನು ಹೇಳಿದೆ ಎಂದು ಕಲಿತಳು. ಸೀದಾ ಲಾಂಡ್ರಿ ಯಜಮಾನರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದೆ.

“ನೋಡಮ್ಮ, ಬೇರೆ ಡ್ರೈವರ್ ಹುಡುಕೋದು ನನಗೂ ತಲೆನೋವು. ನಿನ್ನ ಮಗಳೇ ಓಡಿಸ್ಲಿ. ಆದ್ರೆ ನೀನು ಪಕ್ಕದಲ್ಲಿ ಕೂತಿರ್ಬೇಕು. ಒಂಚೂರು ಹೆಚ್ಚುಕಮ್ಮಿ ಆಯ್ತೋ, ರೂಟು ಬೇರೆಯವರಿಗೆ ಹೋಗುತ್ತೆ” ಎಂದರು.

ಬೇರೆಯವರಿಗೆ ಹೋದದ್ದು ತಿರುಗಿ ನನ್ನ ಕೈಗೆ ಬರುವುದಿಲ್ಲ. ನನ್ನ ವರ್ಷ ಮುಗಿಯುವ ತನಕ ಅವಳು ಅದನ್ನು ಹಿಡಿದಿಟ್ಟುಕೊಂಡರೆ ಸಾಕು. ನಾನು ಅವಳಿಂದ ಬೇರೇನೂ ಕೇಳುತ್ತಿಲ್ಲ.

ಫೆಬ್ರವರಿ 6, ಗುರುವಾರ

ಕ್ಲಚ್ಚು ಬಿಟ್ಟರೆ ವ್ಯಾನು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಡ್ರೈವಿಂಗ್ ಸ್ಕೂಲಿನವರು ಏನು ಕಲಿಸಿದರೋ ಅವರಿಗೇ ಗೊತ್ತು. ಎರಡೇ ದಿನಕ್ಕೆ ನಾನು ಸರಿಮಾಡಿದೆ.

“ಬ್ರೇಕ್. ಬಿಡು. ಮೂರನೇ ಗೇರ್. ಎಡಗಡೆ ಸೈಕಲ್ ಇದೆ. ಈಗಲ್ಲ, ಅವನು ಹೋಗ್ಲಿ. ಈಗ. ಬ್ರೇಕ್.”

ಬಾಯಿಂದ ಮಾತು ಬೀಳುವಷ್ಟರಲ್ಲಿ ಅವಳ ಕಾಲು ಆಡುತ್ತದೆ. ಒಂದೇ ಒಂದು ಸಲ ಎದುರು ಮಾತಾಡುವುದಿಲ್ಲ. ಕಣ್ಣು ನನ್ನದು, ಕೈಕಾಲು ಅವಳದು. ಎರಡೂ ಸೇರಿದರೆ ಈ ಊರಿನಲ್ಲಿ ನಮ್ಮಷ್ಟು ಒಳ್ಳೆಯ ಡ್ರೈವರ್ ಇನ್ನೊಬ್ಬರಿಲ್ಲ.

ನಮ್ಮನೆಯವರು ಅದೇ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದಲ್ಲಿದ್ದಾರೆ. ನಾವು ವ್ಯಾನು ನಿಲ್ಲಿಸುವಾಗ ಬಾಗಿಲಿಗೆ ಬಂದು, “ಏನೇ ರೇಡಿಯೋ, ಇವತ್ತಿನ ಪ್ರಸಾರ ಮುಗೀತಾ? ಎರಡು ಬೀದಿ ಆಚೆಯಿಂದ ಕೇಳಿಸ್ತಿತ್ತು” ಎಂದರು. ಮಗಳು ನಕ್ಕಳು. ಅಪ್ಪ ಮಗಳಿಗೆ ನಗುವುದಕ್ಕೆ ನಾನೊಬ್ಬಳು ಸಿಕ್ಕಿದ್ದೇನೆ.

ಫೆಬ್ರವರಿ 19, ಬುಧವಾರ

ಹೊಸ ನಿಯಮ ಬರುತ್ತಿದೆ. ಮುಂದಿನ ತಿಂಗಳಿನಿಂದ ಲೈಸೆನ್ಸ್ ಪಡೆಯುವ ಇಪ್ಪತ್ತೊಂದರ ಒಳಗಿನವರು ಇನ್ನೂ ಕೆಲವು ತಿಂಗಳು ಹೆಚ್ಚಿನ ತರಬೇತಿಗೆ ಹೋಗಬೇಕಂತೆ. ಅದು ಮುಗಿಯುವ ತನಕ ಸಾಮಾನಿನ ಗಾಡಿಯನ್ನು ಒಬ್ಬರೇ ಓಡಿಸುವ ಹಾಗಿಲ್ಲ. ನಮ್ಮವಳದು ಮೊದಲೇ ಬಂದದ್ದರಿಂದ ಬಚಾವಾದೆವು.

ಪೆಟ್ರೋಲ್ ಬಂಕಿನ ಹತ್ತಿರ ಡ್ರೈವರುಗಳೆಲ್ಲ ಸೇರಿ ಮನವಿ ಬರೆಯುತ್ತಿದ್ದರು. ಮೊದಲ ಸಹಿ ನನ್ನದು. ಯಾರೋ ನಾಲ್ಕು ಮಾತಾಡಿ ಅಂದರು, ಮಾತಾಡಿದೆ. ಓದಿ ಪಾಸಾದ ಮೇಲೂ ಮತ್ತೆ ಅದೇ ಕ್ಲಾಸಿನಲ್ಲಿ ಕೂರಿಸುತ್ತಾರಾ, ಮನೆಯಲ್ಲಿ ಅನುಭವಸ್ಥರು ಇರುವಾಗ ಇವರು ಕಲಿಸುವುದು ಏನು ಉಳಿದಿದೆ, ಎಂದು ಕೇಳಿದೆ. ಚಪ್ಪಾಳೆ ಬಿತ್ತು.

ತರಬೇತಿ ಕೊಡುವ ಮೇಷ್ಟ್ರು ಅಲ್ಲೇ ಒಂದು ಮೂಲೆಯಲ್ಲಿ ನಿಂತು ಕೇಳುತ್ತಿದ್ದರು. ತೆಳ್ಳಗೆ, ನರೆತ ಗಡ್ಡ. ಗುಂಪು ಕರಗಿದ ಮೇಲೆ ಹತ್ತಿರ ಬಂದರು.

“ಹಳೇ ಲೈಸೆನ್ಸಿನ ಮಕ್ಕಳಿಗೂ ಜಾಗ ಇದೆ ಅಮ್ಮ. ನಿಮ್ಮ ಮಗಳನ್ನೂ ಕಳಿಸಿ.”

“ಕಳಿಸಿದ್ರೆ ನೀವು ಏನು ಹೇಳಿಕೊಡ್ತೀರಿ?”

“ಹೆಚ್ಚೇನೂ ಹೇಳಲ್ಲ. ಖಾಲಿ ಮೈದಾನಕ್ಕೆ ಕರ್ಕೊಂಡು ಹೋಗ್ತೀನಿ, ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ. ತಪ್ಪು ಮಾಡ್ತಾರೆ. ಮಾಡ್ಲಿ ಅಂತ ಬಿಡ್ತೀನಿ. ಆಮೇಲೆ ಊರೊಳಗೆ ಹೋಗ್ತೀವಿ.”

“ಸುಮ್ನೆ ಕೂರೋದಕ್ಕೂ ಸಂಬಳ ಕೊಡ್ತಾರೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು ನೋಡಿ” ಎಂದೆ.

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಆ ಮನುಷ್ಯ ತಾನೂ ನಕ್ಕು ಹೊರಟುಹೋದ. ಅವನಿಗೆ ಮೌನಿ ಮೇಷ್ಟ್ರು ಎಂದು ಹೆಸರಿಟ್ಟು ಬಂದೆ. ನಾಳೆಯೊಳಗೆ ಊರಿಗೆಲ್ಲ ಹಬ್ಬುತ್ತದೆ.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಗಾಡಿ ಹತ್ತುವ ಮುಂಚೆ ಮಗಳು, “ಅಮ್ಮ, ಇವತ್ತೊಂದು ದಿನ ಏನೂ ಹೇಳ್ದೆ ಕೂತ್ಕೋತೀಯಾ?” ಎಂದಳು.

ಯಾಕೆ, ನನ್ನ ದನಿ ಅಷ್ಟು ಕಹಿಯಾಯಿತಾ ಎಂದೆ. ಹಾಗಲ್ಲ, ಒಂದ್ಸಲ ನೋಡೋಣ ಅಂತ, ಎಂದಳು. ಸರಿ ತಾಯಿ, ಬಾಯಿಗೆ ಬೀಗ ಹಾಕಿದೆ ಎಂದು ಕೈಕಟ್ಟಿ ಕೂತೆ.

ಮೊದಲನೇ ಸಿಗ್ನಲ್ಲಿನ ತನಕ ಕೂತೆ. ಅಲ್ಲಿ ಅವಳು ಒಂದು ಬಸ್ಸಿನ ಹಿಂದೆ ಎಷ್ಟು ಹತ್ತಿರ ಹೋಗಿ ನಿಲ್ಲಿಸಿದಳೆಂದರೆ ಬಸ್ಸಿನ ಹಿಂದೆ ಅಂಟಿಸಿದ್ದ ಜಾಹೀರಾತಿನ ಸಣ್ಣ ಅಕ್ಷರವನ್ನೂ ನಾನು ಕನ್ನಡಕವಿಲ್ಲದೆ ಓದಿದೆ. ನಿಲ್ಲಿಸಿದಳು, ನಿಜ. ಆದರೆ ನನ್ನ ಪ್ರಾಣ ಬಾಯಿಗೆ ಬಂದಿತ್ತು. ಆಮೇಲೆ ಯಾವ ತಾಯಿ ಸುಮ್ಮನಿರುತ್ತಾಳೆ? ಅಲ್ಲಿಂದ ರೂಟು ಮುಗಿಯುವ ತನಕ ಹೇಳಿಕೊಂಡೇ ಬಂದೆ. ಅವಳೂ ಮತ್ತೆ ಮೊದಲಿನ ಹಾಗೆ ನಯವಾಗಿ ಓಡಿಸಿದಳು.

ಊಟಕ್ಕೆ ಕೂತಾಗ ಆ ಮೇಷ್ಟ್ರ ಮೈದಾನಕ್ಕೆ ಭಾನುವಾರ ಹೋಗಲಾ ಎಂದು ಕೇಳಿದಳು. ಬೇಡ ಎಂದೆ. ಯಾಕೆ ಎಂದು ಕೇಳಲಿಲ್ಲ. ನಮ್ಮನೆಯವರು ಮಾತ್ರ ತಟ್ಟೆ ನೋಡಿಕೊಂಡು, “ಅವಳ ತಲೆಗೂ ಸ್ವಲ್ಪ ಕೆಲಸ ಕೊಡೇ” ಎಂದರು. ಇಸ್ತ್ರಿ ಪೆಟ್ಟಿಗೆ ಬಿಟ್ಟು ಬೇರೇನನ್ನೂ ಓಡಿಸದವರು ನನಗೆ ಗಾಡಿಯ ಪಾಠ ಹೇಳುತ್ತಾರೆ.

ಮಾರ್ಚ್ 18, ಮಂಗಳವಾರ

ಒಳ್ಳೆಯ ದಿನ. ಆಸ್ಪತ್ರೆಯ ಹಿಂಭಾಗದಲ್ಲಿ ಬಟ್ಟೆ ಇಳಿಸುವ ಕಟ್ಟೆಗೆ ವ್ಯಾನನ್ನು ಹಿಮ್ಮುಖವಾಗಿ ತಂದು ಒರಗಿಸುವುದು ನಮ್ಮ ರೂಟಿನಲ್ಲೇ ಕಷ್ಟದ ಕೆಲಸ. ಒಂದು ಕಡೆ ಆಕ್ಸಿಜನ್ ಸಿಲಿಂಡರಿನ ಕೋಣೆ, ಇನ್ನೊಂದು ಕಡೆ ಗೋಡೆ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡುತ್ತ “ಬರ್ಲಿ, ಬರ್ಲಿ, ಬರ್ಲಿ” ಎನ್ನುತ್ತೇನೆ. ಕಟ್ಟೆ ಹತ್ತಿರವಾದ ಹಾಗೆ “ಬ...ರ್ಲಿ” ಎಂದು ಎಳೆಯುತ್ತೇನೆ. ಆಮೇಲೆ “ಸಾಕು.” ಇವತ್ತು ಸಾಕು ಅಂದ ಜಾಗಕ್ಕೆ ಗೆರೆ ಎಳೆದ ಹಾಗೆ ನಿಲ್ಲಿಸಿದಳು. ಕಟ್ಟೆಗೂ ವ್ಯಾನಿಗೂ ನಡುವೆ ಒಂದು ಕೈ ಹೋಗುವಷ್ಟೇ ಸಂದು.

ದಿಂಬಣ್ಣ ಕಟ್ಟೆಯ ಕೆಳಗೆ ನಮಗೆ ಬೆನ್ನು ಹಾಕಿ ಕೊಳೆ ಬಟ್ಟೆಯ ಗಂಟು ಕಟ್ಟುತ್ತಿದ್ದವನು ಗಾಡಿ ಹತ್ತಿರವಾಗುವಷ್ಟರಲ್ಲಿ ಎದ್ದು ಪಕ್ಕಕ್ಕೆ ಸರಿದಿದ್ದ. ಆಸ್ಪತ್ರೆಯಲ್ಲಿ ಹಾಸಿಗೆ, ಹೊದಿಕೆ, ದಿಂಬು ನೋಡಿಕೊಳ್ಳುವವನು ಅವನೇ. ಆಳೂ ದಿಂಬಿನ ಹಾಗೇ ಇದ್ದಾನೆ, ಹಾಗಾಗಿ ಹೆಸರು ಹುಡುಕುವ ಕಷ್ಟ ಯಾರಿಗೂ ಆಗಲಿಲ್ಲ.

“ಅಕ್ಕಾವ್ರೆ, ಮಗಳು ನಿಮ್ಮನ್ನೂ ಮೀರಿಸಿಬಿಟ್ಲು ಬಿಡಿ” ಎಂದ.

ಅವಳ ಬೆನ್ನು ತಟ್ಟಿದೆ. ಅವಳು ಬೆವರಿನಲ್ಲಿ ತೊಯ್ದುಹೋಗಿದ್ದಳು. ಹೊಸಬರಿಗೆ ಹಾಗಾಗುತ್ತದೆ.

ಏಪ್ರಿಲ್ 8, ಮಂಗಳವಾರ

ದಿಂಬಣ್ಣನ ಕಾಲಿಗೆ ವ್ಯಾನು ಹೊಡೆಯಿತು. ಕಾಲು ಕಟ್ಟೆಗೂ ವ್ಯಾನಿಗೂ ನಡುವೆ ಸಿಕ್ಕಿಕೊಂಡಿತು. ನಾನು ಗಾಡಿಯಲ್ಲಿರಲಿಲ್ಲ.

ಏಪ್ರಿಲ್ 10, ಗುರುವಾರ

ನೆಟ್ಟಗೆ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಒಡೆಯುತ್ತದೆ.

ಮಂಗಳವಾರ ನರದ ಡಾಕ್ಟರನ್ನು ನೋಡುವುದಿತ್ತು. ಅದೇ ಆಸ್ಪತ್ರೆ, ಮುಂಬಾಗಿಲು. ನನ್ನ ಸರದಿಗೆ ತಡವಿತ್ತು. ಮಗಳು ನಾನು ಬರುವ ತನಕ ಕಾಯುತ್ತೇನೆ ಎಂದಳು. ನಾನೇ, “ದಿನಾ ಬರೋ ದಾರಿ, ಅಷ್ಟೂ ಆಗಲ್ವಾ? ಹೋಗಿ ಗಾಡಿ ಒರಗಿಸು, ಬರ್ತೀನಿ” ಎಂದು ಕಳಿಸಿದೆ. ಯಜಮಾನರ ಮಾತು ನೆನಪಿರಲಿಲ್ಲವೆಂದಲ್ಲ. ಕಟ್ಟಡ ಸುತ್ತಿ ಹಿಂದಕ್ಕೆ ಹೋಗುವುದು ಒಂದು ದಾರಿಯೇ ಎಂದುಕೊಂಡೆ.

ಡಾಕ್ಟರು ಎಲ್ಲ ಚೆನ್ನಾಗಿದೆ ಎಂದರು. ಖುಷಿಯಿಂದ ಹೊರಗೆ ಬಂದಾಗ ನರ್ಸುಗಳು ಹಿಂಭಾಗಕ್ಕೆ ಓಡುತ್ತಿದ್ದರು. ನಾನೂ ಓಡಿದೆ. ವ್ಯಾನನ್ನು ಮುಂದಕ್ಕೆ ತಂದು ನಿಲ್ಲಿಸಿದ್ದರು. ದಿಂಬಣ್ಣನನ್ನು ನಾವು ತಂದ ಒಗೆದ ಹಾಸುಬಟ್ಟೆಯ ಮೇಲೇ ಮಲಗಿಸಿದ್ದರು. ಮಗಳು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದಳು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಎಡಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ನಿನ್ನೆ ತೆಗೆದರು.

ಗಾಡಿ ಹಿಂದಕ್ಕೆ ಬರುವುದು ಗೊತ್ತಿದ್ದೂ ಅದಕ್ಕೆ ಬೆನ್ನು ಹಾಕಿ ಕೂರುವವನಿಗೆ ಏನು ಹೇಳಬೇಕು? ಇಂಜಿನ್ ಸದ್ದು ಕಿವಿಗೆ ಬೀಳುವುದಿಲ್ಲವಾ? ನನ್ನ ಮಗಳ ತಲೆಗೆ ಇದನ್ನು ಕಟ್ಟಲು ನಾನು ಬಿಡುವುದಿಲ್ಲ. ರೂಟು ಹೋಯಿತು. ಯಜಮಾನರು ಬಾಯಿ ಬಿಟ್ಟು ಹೇಳಲೂ ಇಲ್ಲ. ವ್ಯಾನಿನ ಕೀಲಿ ನೇತುಹಾಕುವ ಮೊಳೆ ಖಾಲಿಯಿತ್ತು, ಅಷ್ಟೆ.

ಏಪ್ರಿಲ್ 21, ಸೋಮವಾರ

ಸಂಚಾರ ಇಲಾಖೆಯ ಕಚೇರಿಗೆ ಕರೆದಿದ್ದರು. ಅಧಿಕಾರಿ ನಮ್ಮ ವಯಸ್ಸಿನ ಹೆಂಗಸು, ಒರಟಲ್ಲ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಗಳಿಗೆ ಹೇಳಿಕೊಟ್ಟಿದ್ದೆ. ಅವನು ಕಾಣಲಿಲ್ಲ ಅನ್ನು, ಬೆನ್ನು ಹಾಕಿ ಕೂತಿದ್ದ ಅನ್ನು.

“ಕನ್ನಡಿ ನೋಡಿದ್ಯಾಮ್ಮ?”

“ನೋಡಿದೆ.”

“ಅವರು ಕಂಡ್ರಾ?”

“ಕಂಡ್ರು.”

ನಾನು ಅವಳ ಮೊಣಕೈ ಹಿಡಿದೆ. ಅಧಿಕಾರಿ ನನ್ನ ಕಡೆ ನೋಡಿ, ಕೈ ತೆಗೀರಿ ಎಂದರು.

“ಕಂಡ್ರೆ ಯಾಕಮ್ಮ ನಿಲ್ಲಿಸಲಿಲ್ಲ?”

ಅವಳು ಬಹಳ ಹೊತ್ತು ಯೋಚಿಸಿದಳು. ತಪ್ಪಿಸಿಕೊಳ್ಳುವುದಕ್ಕಲ್ಲ, ನನ್ನ ಮಗಳು ನನಗೆ ಗೊತ್ತು. ನಿಜವಾಗಿ ಉತ್ತರ ಹುಡುಕುತ್ತಿದ್ದಳು.

“ದಿನಾ ಅವರು ಅಲ್ಲೇ ಕೂತಿರ್ತಾರೆ ಮೇಡಂ. ಅಮ್ಮ ಸಾಕು ಅನ್ನೋ ತನಕ ನಾನು ಹಿಂದಕ್ಕೆ ಹೋಗೋದು. ಅವತ್ತು ಸಾಕು ಅಂತ ಯಾರೂ ಅನ್ನಲಿಲ್ಲ.”

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. ಮಗಳು ನನ್ನ ಕಡೆ ನೋಡಿದಳು, ಸರಿಯಾಗಿ ಹೇಳಿದೆನಾ ಎಂದು ಕೇಳುವ ಹಾಗೆ.

ಏಪ್ರಿಲ್ 22

ಏನೂ ಇಲ್ಲ.

ಮೇ 9, ಶುಕ್ರವಾರ

ದಿಂಬಣ್ಣನ ಮನೆಗೆ ಹೋದೆವು. ಮಗಳು ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಅಲ್ಲ, ಹಟ ಅಲ್ಲ. ನಾನು ಚಪ್ಪಲಿ ಹಾಕಿಕೊಂಡಾಗ ಅವಳೂ ಹಾಕಿಕೊಂಡಳು.

ನಾನು ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡೇ ಹೋಗಿದ್ದೆ. ಅವನ ಹೆಂಡತಿ ಬಾಗಿಲು ತೆಗೆದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಒಂದು ಲೋಟ ನೀರು ಕೊಡಲಿಲ್ಲ. ಕೊಡಬೇಕೆಂದು ಎಲ್ಲಿದೆ? ಅವನು ಮಂಚದ ಮೇಲೆ ಒರಗಿದ್ದ. ಅಷ್ಟು ದಪ್ಪ ಮನುಷ್ಯ ಅರ್ಧವಾಗಿದ್ದಾನೆ. ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡ.

“ನೀನು ಅಳ್ಬೇಡ ತಾಯಿ. ನಿಂದೇನಿದೆ.”

ನಾನು ಕೇಳಿಯೇಬಿಟ್ಟೆ. “ಗಾಡಿ ಬರೋದು ಕೇಳಿಸ್ಲಿಲ್ವಾ ಅಣ್ಣ?”

“ಕೇಳಿಸ್ತು ಅಕ್ಕಾವ್ರೆ. ಚೆನ್ನಾಗೇ ಕೇಳಿಸ್ತು. ನಾನು ಯಾವತ್ತೂ ತಿರುಗಿ ನೋಡಲ್ಲ, ನಿಮಗೆ ಗೊತ್ತಲ್ಲ. ನಿಮ್ಮ ಬರ್ಲಿ ಉದ್ದ ಆಯ್ತು ಅಂದ್ರೆ ಗಾಡಿ ಹತ್ರ ಬಂತು ಅಂತ ಲೆಕ್ಕ. ಆಗ ಏಳ್ತೀನಿ. ಅವತ್ತು ನಿಮ್ಮ ದನಿ ಬರ್ಲೇ ಇಲ್ಲ. ಇನ್ನೂ ದೂರ ಇದೆ ಅಂದ್ಕೊಂಡು ಗಂಟು ಕಟ್ತಾ ಕೂತೆ.”

ಹೇಳಿ ನಕ್ಕ. ತನ್ನ ಪೆದ್ದುತನಕ್ಕೆ ತಾನೇ ನಕ್ಕ ಹಾಗೆ. ಅವನು ನನ್ನನ್ನು ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದೆ. ಅವನು ನಕ್ಕುಬಿಟ್ಟ. ಮಗಳ ಕೈ ಹಿಡಿದು ಎದ್ದುಬಂದೆ.

ಜೂನ್ 4, ಬುಧವಾರ

ಇಲಾಖೆಯಿಂದ ತೀರ್ಮಾನ ಬಂತು. ಲೈಸೆನ್ಸ್ ತಡೆಹಿಡಿದಿದ್ದಾರೆ. ಹೆಚ್ಚಿನ ತರಬೇತಿ ಮುಗಿಸಿ ಮತ್ತೆ ಪರೀಕ್ಷೆ ಕೊಟ್ಟರೆ ವಾಪಸ್ಸು. ತರಬೇತಿ ಅದೇ ಮೈದಾನದಲ್ಲಿ, ಅದೇ ಮೇಷ್ಟ್ರ ಹತ್ತಿರ.

ಪೆಟ್ರೋಲ್ ಬಂಕಿನ ಹತ್ತಿರ ಸೇರುವ ಡ್ರೈವರುಗಳು ಮತ್ತೆ ಸಭೆ ಸೇರುತ್ತಿದ್ದಾರಂತೆ. ನಿಯಮದ ವಿರುದ್ಧ ಮಾತಾಡಲು ಬನ್ನಿ, ನಿಮ್ಮ ಮಾತಿಗೆ ತೂಕ ಇದೆ ಎಂದು ಹೇಳಿಕಳಿಸಿದರು. ಮೈ ಹುಷಾರಿಲ್ಲ ಎಂದೆ. ಈಗ ನಾನೂ ಮಗಳೂ ಲಾಂಡ್ರಿಯಲ್ಲೇ ಬಟ್ಟೆ ಮಡಿಸುವ ಮೇಜಿನ ಎರಡು ಕಡೆ ನಿಲ್ಲುತ್ತೇವೆ. ಹಾಸುಬಟ್ಟೆಯ ಎರಡು ತುದಿ ನಾನು, ಎರಡು ತುದಿ ಅವಳು. ವ್ಯಾನು ಬಂದು ಹೋಗುವುದು ಕಿಟಕಿಯಿಂದ ಕಾಣುತ್ತದೆ. ಹೊಸ ಡ್ರೈವರು ಗೇರನ್ನು ಕರಕರ ಎನ್ನಿಸುತ್ತಾನೆ.

ಜುಲೈ 2, ಬುಧವಾರ

ಮೇಷ್ಟ್ರು ಲಾಂಡ್ರಿಗೇ ಬಂದಿದ್ದರು. ಅಂಗಳದಲ್ಲಿ ನಿಂತು ಮಾತಾಡಿದೆವು. ಕೂತುಕೊಳ್ಳಿ ಎಂದೆ, ಬೇಡ ಎಂದರು.

“ಗಾಡಿ ಮೇಲೆ ಒಳ್ಳೆ ಹಿಡಿತ ಇದೆ ಅಮ್ಮ. ಕ್ಲಚ್ಚು, ಗೇರು, ತಿರುವು, ನಮ್ಮಲ್ಲಿ ಯಾರಿಗೂ ಅಷ್ಟು ಚೆನ್ನಾಗಿ ಬರಲ್ಲ. ಅದೆಲ್ಲ ನೀವು ಕಲಿಸಿದ್ದೇ.”

“ಮತ್ತೆ?”

“ಎರಡು ದಾರಿ ಸಿಕ್ಕಿದ ಕಡೆ ಗಾಡಿ ನಿಲ್ಲಿಸಿಬಿಡ್ತಾಳೆ. ಖಾಲಿ ಮೈದಾನ, ಎದುರಿಗೆ ಯಾರೂ ಇಲ್ಲ. ನಿಲ್ಲಿಸಿ ನನ್ನ ಮುಖ ನೋಡ್ತಾಳೆ. ನಾನು ಹೇಳಲ್ಲ. ಅವಳು ಹೋಗಲ್ಲ. ಮೊನ್ನೆ ಹಾಗೇ ಕೂತು ಕೂತು ಕ್ಲಾಸಿನ ಹೊತ್ತೇ ಮುಗಿದುಹೋಯ್ತು.”

ಇಷ್ಟು ಮಾತನ್ನು ಆ ಮನುಷ್ಯ ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೊದಲೇ ಕಳಿಸಿದ್ದರೆ ಸರಿಹೋಗುತ್ತಿತ್ತಾ ಎಂದು ಕೇಳಿದೆ.

“ಮನೇಲಿ ಸ್ವಲ್ಪ ಬಿಟ್ಟು ನೋಡಿ” ಎಂದಷ್ಟೇ ಹೇಳಿ ಹೋದರು.

ಜುಲೈ 13, ಭಾನುವಾರ

ಮಗಳು ತರಬೇತಿಗೆ ಹೋಗುವುದನ್ನು ಬಿಟ್ಟಳು. ಹೋಗಲ್ಲ ಎಂದು ಹೇಳಲಿಲ್ಲ. ಇವತ್ತು ಹೋಗಲಾ ಎಂದು ಕೇಳಿದಳು. ನಿನ್ನಿಷ್ಟ ಎಂದೆ. ಬಾಗಿಲ ಹತ್ತಿರ ಚೀಲ ಹಿಡಿದುಕೊಂಡು ನಿಂತಳು, ಆಮೇಲೆ ಚೀಲ ಕೆಳಗಿಟ್ಟಳು.

ಒಲೆಯ ಮುಂದೆಯೂ ಅದೇ. ಉಪ್ಪು ಇಷ್ಟು ಸಾಕಾ, ಉರಿ ಸಣ್ಣ ಮಾಡಲಾ, ಈಗ ಇಳಿಸಲಾ. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಇಟ್ಟುಬಿಟ್ಟಿದ್ದಾಳೆ. ಮೊದಲು ಯಾರನ್ನೂ ಕೇಳದೆ ನನ್ನ ಹಳೆಯ ಸೀರೆಗಳಿಗೆಲ್ಲ ಕತ್ತರಿ ಹಾಕುತ್ತಿದ್ದವಳು. ಆಗ ಎಷ್ಟು ಬೈದಿದ್ದೇನೆ. ಈಗ ಕತ್ತರಿ ಹಾಕಲಿ, ಇಡೀ ಸೀರೆ ಪೆಟ್ಟಿಗೆಯನ್ನೇ ಚಿಂದಿ ಮಾಡಲಿ, ಅಷ್ಟಾದರೆ ಸಾಕು ನನಗೆ.

ನಮ್ಮನೆಯವರು ನನ್ನನ್ನು ರೇಡಿಯೋ ಎನ್ನುವುದಿಲ್ಲ. ನಾನೇ ಒಂದು ಸಲ, ಯಾಕ್ರೀ ತಮಾಷೆ ಮಾಡೋದನ್ನೇ ಬಿಟ್ರಿ ಎಂದೆ. ಅವರು ಮಗಳ ಕಡೆ ನೋಡಿದರು.

ಆಗಸ್ಟ್ 6, ಬುಧವಾರ

ಡಾಕ್ಟರು ನೋಡಿದರು. ಹೀಗೇ ಇದ್ದರೆ ವರ್ಷ ಮುಗಿದ ಕೂಡಲೇ ಗಾಡಿ ಓಡಿಸಬಹುದಂತೆ. ಸರಿ ಎಂದು ಬಂದೆ. ಮನೆಯಲ್ಲಿ ಹೇಳಲು ಮರೆತೇಹೋಯಿತು.

ಆಗಸ್ಟ್ 23, ಶನಿವಾರ

ಕೆಲಸ ಬಿಟ್ಟ ಮೇಲೆ ನಾನು ಎದುರಿನ ಅಂಗಡಿಯಲ್ಲಿ ಸೋಪು ಕೊಳ್ಳಲು ರಸ್ತೆ ದಾಟಿದೆ. ಮಗಳು ಲಾಂಡ್ರಿಯಲ್ಲೇ ಹಿಂದೆ ಉಳಿದಿದ್ದಳು. ಅಂಗಡಿಯಿಂದ ಹೊರಗೆ ಬಂದರೆ ಅವಳು ಆಚೆ ಬದಿಯಲ್ಲಿ, ರಸ್ತೆಯ ಅಂಚಿನಲ್ಲಿ ನಿಂತಿದ್ದಳು.

ಸಂಜೆಯ ಬೆಳಕು ಇನ್ನೂ ಚೆನ್ನಾಗಿತ್ತು. ರಸ್ತೆ ಖಾಲಿ. ಬಲಗಡೆ ತಿರುವಿನ ತನಕ ಏನಿಲ್ಲ, ಎಡಗಡೆಯೂ ಏನಿಲ್ಲ. ಅವಳು ಎಡಕ್ಕೂ ಬಲಕ್ಕೂ ನೋಡಿದಳು. ಸರಿಯಾಗಿಯೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ನಾನು ಏನೂ ಹೇಳಬಾರದು ಎಂದುಕೊಂಡೆ. ಕೈ ಸಹ ಎತ್ತಲಿಲ್ಲ. ಸೋಪಿನ ಪೊಟ್ಟಣದ ಮೇಲಿನ ಅಕ್ಷರ ಓದುವವಳ ಹಾಗೆ ತಲೆ ತಗ್ಗಿಸಿದೆ. ಮಗಳೇ, ಬಾ, ರಸ್ತೆ ನಿನ್ನದೇ, ನಾಲ್ಕು ಹೆಜ್ಜೆ ಎಂದು ಒಳಗೊಳಗೇ ಬೇಡಿಕೊಂಡೆ. ತಲೆ ಎತ್ತಿದಾಗ ಅಲ್ಲೇ ಇದ್ದಳು. ಒಂದು ಸೈಕಲ್ಲು ಹೋಯಿತು. ಒಂದು ಆಟೋ ಹೋಯಿತು. ರಸ್ತೆ ಮತ್ತೆ ಖಾಲಿಯಾಯಿತು. ಅವಳಿಗಿಂತ ಚಿಕ್ಕ ಮಕ್ಕಳು ಅವಳ ಪಕ್ಕದಿಂದಲೇ ಓಡಿ ಈಚೆ ಬಂದರು. ಅಂಗಡಿಯವನು ಹೊರಗೆ ಬಂದು, “ನಿಮ್ಮ ಮಗಳಲ್ವಾ, ಯಾಕೆ ಹಾಗೆ ನಿಂತಿದ್ದಾಳೆ?” ಎಂದು ಕೇಳಿದ.

ಬೀದಿದೀಪ ಹತ್ತಿಕೊಂಡಿತು. ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕಾಯುತ್ತಿದ್ದಳು, ಅಷ್ಟೆ. ಇನ್ನೂ ಎಷ್ಟು ಹೊತ್ತಾದರೂ ಕಾಯುತ್ತಿದ್ದಳು.

ಕೊನೆಗೆ ನಾನೇ “ಬಾ” ಎಂದೆ. ಕೂಡಲೇ ಬಂದಳು.